ಎಕ್ಕಡ ಹಿಡಿದವನು

ಕೈರೋ ಮ್ಯೂಸಿಯಮ್ಮಿನ ಕಾರ್ಡೊಂದು
ಮೂರು ದಿನದಿಂದ ನನ್ನ ಜೇಬಿನಲ್ಲಿ ಬೆವರುತ್ತಿದೆ.
ಕೊಟ್ಟವಳು ಸೋಮವಾರದ ಮುದುಕಿ, ಬಟ್ಟೆಟೋಪಿ, ಮಡಚುವ ಬೆತ್ತ.
ಬೇಲೂರು ಗುಡಿಯ ಬಾಗಿಲ ಬದಿಯಲ್ಲಿ
ಗೈಡಿನ ಎಂದಿನ ಪಾಠ ಒಪ್ಪಿಸುತ್ತಿದ್ದೆ:
ಗುರು ಕೂಗಿದ, ‘ಹೊಯ್ ಸಳ!’
ಸಳ ಹೊಯ್ದ, ವಂಶ ಹುಟ್ಟಿತು,
ಎಲ್ಲರೂ ಈ ಕಡೆ ಬನ್ನಿ.
ಅವಳು ಮಾತ್ರ ಬರಲಿಲ್ಲ. ಚೀಲ ತಡಕಿ, ಕಾರ್ಡು ತೆಗೆದು,
ಸಳನನ್ನೂ ಅದನ್ನೂ ಬೆರಳಲ್ಲಿ ಜೋಡಿಸಿ, ‘ಬ್ರದರ್’ ಎಂದಳು.

ಹೌದು, ಅಣ್ಣನೇ. ಐದು ಸಾವಿರ ವರ್ಷದ ಹಿರಿಯ.
ಎತ್ತಿದ ಕೈ ಅದೇ.
ನಮ್ಮವನಿಗೆ ಸಿಂಹ ಸಿಕ್ಕಿತು, ಅವನಿಗೆ
ಮಂಡಿಯೂರಿದ ಮನುಷ್ಯನ ಜುಟ್ಟು.
ಗದೆ ಇನ್ನೂ ಮೇಲೇ ಇದೆ.
ಬಿದ್ದುಬಿಟ್ಟಿದ್ದರೆ ಮುಗಿಯುತ್ತಿತ್ತು,
ಮುಗಿದದ್ದಕ್ಕೆ ಯಾರು ಹೆದರುತ್ತಾರೆ?

ಮಧ್ಯಾಹ್ನ ಗಿರಾಕಿಯಿಲ್ಲ.
ಗೋಪುರದಾಚೆ ಚಪ್ಪಲಿ ಸ್ಟ್ಯಾಂಡಿನ ನೆರಳಲ್ಲಿ
ದೇವೀರಮ್ಮ ಟೋಕನ್ನುಗಳನ್ನು ತಂತಿಗೆ ಪೋಣಿಸುತ್ತಿದ್ದಳು.
ಕಾರ್ಡು ತೋರಿಸಿದೆ. ದೊರೆಯ ಹೆಸರು ನಾರ್ಮರ್ ಎಂದೆ.
‘ನಾರ್ಮಲ್ಲಾ?’ ಎಂದಳು. ‘ಸರಿ ಬಿಡು, ದೊರೆಗಳಿಗೆ ಇದು ನಾರ್ಮಲ್ಲೇ.’

ಮೀನೊಂದು, ಉಳಿಯೊಂದು, ಸೇರಿದರೆ ಅವನ ಹೆಸರು;
ಗಿಡುಗ ದೇವರು; ಅದರ ಹಗ್ಗ
ಜೌಗುನಾಡಿನ ಮೂಗಿಗೇ ಪೋಣಿಸಿದೆ—
ಎಂಎ ಓದಿದ್ದನ್ನೆಲ್ಲ ಹೇಳುತ್ತ ಹೋದೆ.
ಅವಳ ಬೆರಳು ದೊರೆಯನ್ನು ದಾಟಿ
ಬೆನ್ನ ಹಿಂದಿನ ಪುಟ್ಟವನ ಮೇಲೆ ನಿಂತಿತ್ತು.
ದೊರೆಯ ಸೊಂಟದೆತ್ತರ, ನಿಲ್ಲಲು ಬೇರೆಯದೇ ಗೆರೆ,
ಒಂದು ಕೈಲಿ ನೀರಿನ ಗಿಂಡಿ, ಒಂದು ಕೈಲಿ
ಒಂದು ಜೊತೆ ಎಕ್ಕಡ.

‘ಇವ್ನ್ಯಾರು?’
ತಲೆಯ ಬಳಿ ಒಂದು ಹೂವು ಕೆತ್ತಿದೆ;
ಅದು ಹೆಸರೋ ಹುದ್ದೆಯೋ ಓದಿದವರಿಗೂ ಗೊತ್ತಿಲ್ಲ ಎಂದೆ.
‘ದೊರೆ ಕಾಲು?’
ಬರಿಗಾಲು.
ಸುಮ್ಮನಾದಳು. ಆಮೇಲೆ, ನಿಧಾನಕ್ಕೆ:
‘ಎಕ್ಕಡ ಬಿಟ್ಟು ಬಂದವ್ನೆ ಅಂದ್ರೆ
ಅದು ಜಗಳ ಅಲ್ಲ ಕಣಪ್ಪ. ಪೂಜೆ.’

ನನ್ನ ಮೇಷ್ಟರಿಗೆ ಅದನ್ನು ಹೇಳಲು ನಲವತ್ತು ಪುಟ ಬೇಕಾಗಿತ್ತು.

ಕಲ್ಲಿನ ಇನ್ನೊಂದು ಮುಖ ಕಾರ್ಡಿನಲ್ಲಿಲ್ಲ; ಬಾಯಲ್ಲೇ ಬಿಡಿಸಿದೆ.
ಕತ್ತು ಹೆಣೆದುಕೊಂಡ ಎರಡು ಮೃಗ,
ಕತ್ತುಗಳ ನಡುವೆ ದುಂಡನೆ ಗುಳಿ, ಕಾಡಿಗೆ ಅರೆಯಲು.
‘ಯಾರ ಕಣ್ಣಿಗೆ?’
ದೇವರ ಕಣ್ಣಿಗಿರಬೇಕು ಅಂತಾರೆ.
ಅವಳವ್ವ ಹರಳೆಣ್ಣೆ ದೀಪದ ಮೇಲೆ ಕಂಚಿನ ತಟ್ಟೆ ಕವುಚುತ್ತಿದ್ದಳಂತೆ,
ರಾತ್ರಿಯಿಡೀ ಮಸಿ ಹಿಡಿದರೆ ಒಂದು ಚಿಟಿಕೆ.
‘ಅರೆಯೋಳು ಎಲ್ಲವಳೆ, ಆ ಕಲ್ಲಲ್ಲಿ?’
ಇಲ್ಲ. ಹತ್ತು ಹೆಣಗಳಿವೆ, ಸಾಲಾಗಿ,
ಕಡಿದ ತಲೆ ಅವರವರ ಕಾಲ ನಡುವೆ.
‘ಸಾಲಾಗಾ?’ ಎಂದವಳು
ತಿರುಗಿ ತನ್ನ ಹಲಗೆಗಳನ್ನು ನೋಡಿದಳು,
ಹಿಮ್ಮಡಿಗೆ ಹಿಮ್ಮಡಿ ತಾಗಿಸಿಟ್ಟ ಜೋಡಿಗಳನ್ನು.
ಮತ್ತೇನೂ ಕೇಳಲಿಲ್ಲ.

ಮೂರಕ್ಕೆ ಚಿಕ್ಕಮಗಳೂರಿಂದ ಒಂದು ಬಸ್ಸು ಜನ ಬಂದರು.
ಮೇ ತಿಂಗಳ ಹಾಸುಗಲ್ಲಿನ ಮೇಲೆ
ಕುಣಿಕುಣಿದು ಓಡಿದರು, ಕಾರ್ಡಿನ ಬುಡದ
ಆ ಬತ್ತಲೆ ಇಬ್ಬರ ಹಾಗೆ, ಹಿಂದೆ ತಿರುಗಿ ನೋಡುತ್ತ.
ನಾನು ಹೊಯ್ ಸಳ ಎಂದೆ.
ಮೊದಲ ಸಲ ಸಳನ ಬೆನ್ನ ಹಿಂದೆ ಕಣ್ಣು ಹಾಯಿಸಿದೆ.
ಅಲ್ಲಿ ಯಾರೂ ಇರಲಿಲ್ಲ. ಅಲ್ಲಿ
ಯಾರಿಗೂ ಜಾಗ ಬಿಟ್ಟಿರಲೂ ಇಲ್ಲ.

ಗುಡಿಯ ಬಾಗಿಲು ಹಾಕಿದ ಮೇಲೆ ಸ್ಟ್ಯಾಂಡಿನಲ್ಲಿ
ಒಂದು ಜೊತೆ ಉಳಿಯಿತು. ಕಂದು ತೊಗಲು,
ಎಡಗಾಲಿನ ಉಂಗುಷ್ಠ ಹೊಸದಾಗಿ ಹೊಲಿದದ್ದು. ಟೋಕನ್ ಎಂಬತ್ತೇಳು.
ಹಗರೆಯ ಕೊನೆ ಬಸ್ಸು ಹೋಗುತ್ತೆ, ಬಿಟ್ಟು ನಡಿ ಎಂದೆ.
‘ಯಾರ್ದೋ ಏನೋ, ಬರ್ತಾರೆ’ ಎಂದಳು.
ಬೀದಿದೀಪ ಹತ್ತಿತು.
ಅವಳು ಎದ್ದು ನಿಂತಿದ್ದಳು,
ಒಂದು ಕೈಲಿ ನೀರಿನ ಬಾಟಲಿ.